ಯಡಿಯೂರಿಗೆ ಗೊತ್ತಿರುವುದು ಫ್ರಾಂಕ್‌ಫರ್ಟಿಗೆ ಗೊತ್ತಿಲ್ಲ

ನಮ್ಮ ಆಫೀಸು ಯಡಿಯೂರು ಕೆರೆಯಿಂದ ಕೂಗಳತೆ ದೂರ. ಒಂದೇ ಕೋಣೆ, ಎರಡು ಮೇಜು, ಗೋಡೆಯ ಮೇಲೆ ಬಣ್ಣ ಮಾಸಿದ ಭೂಪಟ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೂತು ಜನರನ್ನು ಪರದೇಶಕ್ಕೆ ಕಳಿಸುತ್ತಿದ್ದೇನೆ. ವಾರಕ್ಕೊಂದಾದರೂ ಫೋನು ಬರುತ್ತದೆ: "ಸಿದ್ಧಲಿಂಗೇಶ್ವರ ಸ್ವಾಮಿ ದರ್ಶನ ಎಷ್ಟು ಗಂಟೆವರೆಗೆ ಇರುತ್ತೆ ಸ್ವಾಮಿ?" ಅದು ಕುಣಿಗಲ್ ತಾಲ್ಲೂಕಿನ ಯಡಿಯೂರು, ಇದು ಜಯನಗರ ಬನಶಂಕರಿ ನಡುವಿನ ಯಡಿಯೂರು ಅಂತ ತಿಳಿಸಿ ಹೇಳಿ ಫೋನಿಡುತ್ತೇನೆ.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಬ್ಯಾಂಕಿನಿಂದ, ಶಾಲೆಯಿಂದ, ಕಾರ್ಖಾನೆಯಿಂದ ನಿವೃತ್ತರಾದವರು. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಮ್ಯೂನಿಕ್‌ನಲ್ಲಿ. ಬೆಳಿಗ್ಗೆ ಕೆರೆ ಸುತ್ತ ನಾಲ್ಕು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು, "ನಿಮ್ಮದು ಯಾವಾಗ ಹೊರಡೋದು?" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು, ಅಲ್ಲಿಂದ ನೇರ ನನ್ನಲ್ಲಿಗೆ ಬರುತ್ತಾರೆ. ಇವರಿಗೆ ಬೀದಿಯಲ್ಲಿ ಯಾವ ಕಾಗದವೂ ಬೇಕಿಲ್ಲ. ಔಷಧಿ ಅಂಗಡಿಯ ಹುಡುಗ "ಅದೇ ಗುಲಾಬಿ ಮಾತ್ರೆ ತಾನೇ ಸಾರ್?" ಅಂತ ತೆಗೆದು ಕೊಡುತ್ತಾನೆ. ಕಾಫಿಗೆ ಸಕ್ಕರೆ ಬೇಡ ಅನ್ನುವುದು ಹೋಟೆಲಿನವನಿಗೆ ಗೊತ್ತು. ಊರು ಇವರನ್ನು ಬಾಯಿಪಾಠ ಮಾಡಿಕೊಂಡಿದೆ. ವಿಮಾನ ಹತ್ತಿದ ಕ್ಷಣಕ್ಕೆ ಆ ಪಾಠ ಅಳಿಸಿ ಹೋಗುತ್ತದೆ. ಆದ್ದರಿಂದ ಪರದೇಶಕ್ಕೆ ತಯಾರಿ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ: ನಿಮ್ಮ ಬೀದಿ ನಿಮ್ಮ ಬಗ್ಗೆ ಏನೇನು ಬಲ್ಲದೋ ಅದನ್ನೆಲ್ಲ ಕಾಗದಕ್ಕೆ ಇಳಿಸಿಕೊಳ್ಳುವುದು. ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು, ಕೆಲವರಿಗೆ ನಷ್ಟವೂ ಆಯಿತು. ಆ ಪಾಠಗಳು ಇವು.

1. ಇನಿಷಿಯಲ್ ಗಡಿ ದಾಟುವುದಿಲ್ಲ

ನಮ್ಮ ಕಡೆ ಹೆಸರಿನ ಮುಂದೆ ಊರೂ ಅಪ್ಪನೂ ನಿಂತಿರುತ್ತಾರೆ. ‘ಎಚ್. ಎಸ್. ನಾಗರಾಜ’ ಅಂತಿಟ್ಟುಕೊಳ್ಳಿ. ಎಚ್ ಅಂದರೆ ಹೊಳೆನರಸೀಪುರ, ಎಸ್ ಅಂದರೆ ಅಪ್ಪ ಶ್ರೀನಿವಾಸಯ್ಯ. ಮನೆತನದ ಹೆಸರು ಅಂತ ಬೇರೆ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ. ಸರ್‌ನೇಮ್, ಗಿವನ್ ನೇಮ್ ಅಂತ ಎರಡೇ ಮನೆ. ಕೆಲವರು ಹೊಳೆನರಸೀಪುರವನ್ನು ಸರ್‌ನೇಮ್ ಮಾಡಿಕೊಳ್ಳುತ್ತಾರೆ. ಆಮೇಲೆ ಯಾವುದೋ ಗೇಟಿನಲ್ಲಿ "ಮಿಸ್ಟರ್ ಹೊಳೆನರಸೀಪುರ" ಅಂತ ಕೂಗಿದರೆ ಇವರು ತಿರುಗಿಯೂ ನೋಡುವುದಿಲ್ಲ. ಇನ್ನು ಕೆಲವರು ಸರ್‌ನೇಮ್ ಖಾಲಿ ಬಿಡುತ್ತಾರೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಒಂದು ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಒಬ್ಬ ನಿವೃತ್ತ ಮೇಷ್ಟ್ರು ವೀಸಾ ತೋರಿಸಿ ಕೇಳಿದ್ದರು: "ಇವನ್ಯಾರ್ರೀ ಫ್ನೂ? ನನ್ನ ಹೆಸರಿನ ಜೊತೆ ಯಾಕೆ ಬಂದ?"

ಇದು ಬರೀ ತಮಾಷೆಯಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಅಂದುಬಿಟ್ಟಿತು. ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸಡಿಲಿಸಿದರು. ಅಷ್ಟರಲ್ಲಿ ದುಬೈಗೆ ಸೂಟ್‌ಕೇಸ್ ಕಟ್ಟಿಟ್ಟಿದ್ದ ಎಷ್ಟೋ ಜನರ ಎದೆ ಹಾರಿತ್ತು.

ಪಾಸ್‌ಪೋರ್ಟ್ ಮಾಡಿಸುವಾಗ ಅಥವಾ ನವೀಕರಿಸುವಾಗಲೇ ಎರಡೂ ಮನೆ ತುಂಬಿಸಿ. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇರಲಿ. ಒಂದರಲ್ಲಿ ಲಕ್ಷ್ಮಿಗೆ ‘ಕೆ’, ಇನ್ನೊಂದರಲ್ಲಿ ‘ಎಕ್ಸ್’ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಓದಿ. ಮನೆಯಲ್ಲಿ ಕರೆಯುವ ಹೆಸರು ಮನೆಯಲ್ಲೇ ಇರಲಿ.

2. ಪಂಚಾಂಗದ ದಿನ ಬೇರೆ, ವಿಮಾನದ ದಿನ ಬೇರೆ

ನಮಗೆ ದಿನ ಹುಟ್ಟುವುದು ಸೂರ್ಯೋದಯಕ್ಕೆ. ವಿಮಾನ ಕಂಪನಿಗೆ ನಡುರಾತ್ರಿ ಹನ್ನೆರಡಕ್ಕೆ. ಪರದೇಶದ ವಿಮಾನಗಳಲ್ಲಿ ಬಹಳಷ್ಟು ಬೆಂಗಳೂರು ಬಿಡುವುದು ರಾತ್ರಿ ಹನ್ನೆರಡರಿಂದ ಬೆಳಗಿನ ನಾಲ್ಕರೊಳಗೆ. ಟಿಕೆಟ್ಟಿನಲ್ಲಿ ‘15, ಗಂಟೆ 01:50’ ಅಂತಿದ್ದರೆ ಮನೆ ಬಿಡಬೇಕಾದ್ದು 14ರ ರಾತ್ರಿ. ನಮ್ಮವರ ತಲೆಯಲ್ಲಿ ಅದು 15ರ ರಾತ್ರಿ. ಒಂದು ದಂಪತಿ ಹದಿನೈದನೇ ತಾರೀಖಿನ ಸಂಜೆ ನೆಂಟರಿಗೆಲ್ಲ ಊಟ ಹಾಕಿ, ದೇವರಿಗೆ ದೀಪ ಹಚ್ಚಿ, ಹತ್ತು ಗಂಟೆಗೆ ಟ್ಯಾಕ್ಸಿ ಹತ್ತಿದರು. ವಿಮಾನ ಹೋಗಿ ಇಪ್ಪತ್ತು ಗಂಟೆ ಆಗಿತ್ತು. ತಪ್ಪು ನನ್ನದೂ ಹೌದು. ಟಿಕೆಟ್ ಕೊಟ್ಟೆನೇ ಹೊರತು ಬಿಡಿಸಿ ಹೇಳಲಿಲ್ಲ. ಈಗ ಪ್ರತಿ ಟಿಕೆಟ್ಟಿನ ಮೇಲೂ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: "ಸೋಮವಾರ ರಾತ್ರಿ ಊಟ ಮುಗಿಸಿ ಎಂಟಕ್ಕೆ ಮನೆ ಬಿಡಿ."

ಎಂಟಕ್ಕೇ ಯಾಕೆ ಅಂದರೆ, 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ದಕ್ಷಿಣ ಬೆಂಗಳೂರಿನವರಿಗೆ ಅದೊಂದು ಪಕ್ಕದೂರಿನ ಪ್ರಯಾಣವೇ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಟ್ಯಾಕ್ಸಿಯವನಿಗೆ ಅದನ್ನು ಹತ್ತುವಾಗಲೇ ಹೇಳಿ.

ರಾಹುಕಾಲ ನೋಡುವವರು ಹೆದರಬೇಕಾಗಿಲ್ಲ. ನಮ್ಮ ಹಿರಿಯರು ಇದಕ್ಕೂ ದಾರಿ ಮಾಡಿಟ್ಟಿದ್ದಾರೆ. ಒಳ್ಳೇ ಹೊತ್ತಿನಲ್ಲಿ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಪ್ರಸ್ಥಾನ ಆದ ಹಾಗೆ. ಆಮೇಲೆ ವಿಮಾನದ ಹೊತ್ತಿಗೆ ಹೊರಟರಾಯಿತು. ಆ ಚೀಲದಲ್ಲಿ ಪಾಸ್‌ಪೋರ್ಟ್ ಮಾತ್ರ ಇಡಬೇಡಿ. ಪಕ್ಕದ ಮನೆಯವರು ಬೀಗ ಹಾಕಿಕೊಂಡು ಮದುವೆಗೆ ಹೋದ ಕತೆ ನಮ್ಮ ಬೀದಿಯಲ್ಲೇ ಇದೆ.

3. ಪಾಸ್‌ಪೋರ್ಟಿಗೆ ಆರು ತಿಂಗಳ ಮೊದಲೇ ವಯಸ್ಸಾಗುತ್ತದೆ

ಅವಧಿ ಮುಗಿಯುವುದು ಡಿಸೆಂಬರ್‌ಗೆ, ಹೊರಡುವುದು ಆಗಸ್ಟ್‌ಗೆ, ಇನ್ನೂ ನಾಲ್ಕು ತಿಂಗಳಿದೆಯಲ್ಲ ಅನ್ನುತ್ತಾರೆ. ಬಹಳ ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಯೂರೋಪಿನ ಷೆಂಗೆನ್ ದೇಶಗಳಿಗೆ, ನೀವು ಅಲ್ಲಿಂದ ಹೊರಡುವ ದಿನದ ಆಚೆಗೆ ಮೂರು ತಿಂಗಳು ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ನವೀಕರಿಸಿ, ಆಮೇಲೆ ಮಾತು ಅನ್ನುವುದು ನನ್ನ ನಿಯಮ.

ನವೀಕರಿಸಿದ ಮೇಲೆ ಹಳೆಯದನ್ನು ಬೀರುವಿನ ಮೂಲೆಗೆ ಎಸೆಯಬೇಡಿ. ಅದರಲ್ಲಿರುವ ಅಮೆರಿಕದ ವೀಸಾ ಇನ್ನೂ ಜೀವಂತ ಇದ್ದರೆ ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಹೋದರೆ ಸಾಕು. ಒಬ್ಬ ಅಮ್ಮ ವೀಸಾ ಪುಟವನ್ನೇ ನೀಟಾಗಿ ಕತ್ತರಿಸಿ ಹೊಸ ಪಾಸ್‌ಪೋರ್ಟಿಗೆ ಅಂಟಿಸಿಕೊಂಡು ಬಂದಿದ್ದರು. ಅವರ ಕೈಕೆಲಸ ಚೆನ್ನಾಗಿತ್ತು. ವೀಸಾ ಮಾತ್ರ ಹೋಯಿತು.

4. ವೀಸಾ ಬಾಗಿಲು ತಟ್ಟಲು. ಒಳಗೆ ಎಷ್ಟು ದಿನ ಎಂಬುದು ಬೇರೆ

"ಹತ್ತು ವರ್ಷದ ವೀಸಾ ಸಿಕ್ಕಿದೆ, ಒಂದು ವರ್ಷ ಇದ್ದು ಬರ್ತೀವಿ." ಈ ಮಾತು ಕೇಳಿದ ಕೂಡಲೇ ನಾನು ಕುರ್ಚಿ ಎಳೆದು ಕೂರಿಸುತ್ತೇನೆ. ಹತ್ತು ವರ್ಷ ಅನ್ನುವುದು ಅಮೆರಿಕದ ಬಾಗಿಲಿಗೆ ಹೋಗಿ ನಿಲ್ಲಲು ಇರುವ ಅವಧಿ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಪ್ರತಿ ಸಲವೂ ಇಳಿದ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಸಾಮಾನ್ಯವಾಗಿ ಆರು ತಿಂಗಳು. ಆ ದಾಖಲೆಗೆ ಐ-94 ಅಂತ ಹೆಸರು. ಇಳಿದ ಮರುದಿನವೇ ಮಗನ ಕೈಲಿ ಕಂಪ್ಯೂಟರಿನಲ್ಲಿ ತೆಗೆಸಿ, ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ತಾರೀಖು ಮೀರಿ ನಿಂತರೆ ವೀಸಾ ರದ್ದಾಗುತ್ತದೆ.

ಯೂರೋಪಿನ ಲೆಕ್ಕ ಇನ್ನೂ ಸೂಕ್ಷ್ಮ. ಯಾವುದೇ 180 ದಿನಗಳಲ್ಲಿ 90 ದಿನ. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮಗಳ ಮನೆಗೆ ಮೇ 1ರಿಂದ ಜೂನ್ 29ರವರೆಗೆ ಹೋಗಿಬಂದಿರಿ ಅನ್ನಿ, ಅಲ್ಲಿಗೆ 60 ದಿನ. ಗೌರಿ ಗಣೇಶ ಮುಗಿಸಿ ಸೆಪ್ಟೆಂಬರ್ 1ಕ್ಕೆ ಮತ್ತೆ ಹೋದರೆ ಸಿಗುವುದು 30 ದಿನ ಮಾತ್ರ. ಸೆಪ್ಟೆಂಬರ್ 30ಕ್ಕೆ ಹೊರಡಲೇಬೇಕು, ದಸರಾ ಗೊಂಬೆ ಯಾರ ಮನೆಯಲ್ಲಿ ಕೂರಿಸುವುದು ಅನ್ನುವುದನ್ನು ಈ ಲೆಕ್ಕ ಹಾಕಿದ ಮೇಲೆ ತೀರ್ಮಾನಿಸಿ. ಮೊದಲು ಮುದ್ರೆ ಎಣಿಸುವಾಗ ಅಧಿಕಾರಿಯ ಕಣ್ಣು ತಪ್ಪುವುದೂ ಇತ್ತು. 2025ರ ಅಕ್ಟೋಬರ್ 12ರಿಂದ ಅಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ಕಂಪ್ಯೂಟರಿಗೇ ಎಣಿಕೆ ವಹಿಸತೊಡಗಿದ್ದಾರೆ. ಕಂಪ್ಯೂಟರಿಗೆ ದಾಕ್ಷಿಣ್ಯ ಇಲ್ಲ.

5. ಕೇಳಿದ್ದಕ್ಕೆ ಉತ್ತರ, ಅಷ್ಟೇ

ನಮ್ಮವರಿಗೆ ಅಮೆರಿಕದ ವೀಸಾ ಅಂದರೆ ಚೆನ್ನೈ ಯಾತ್ರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಕೆರೆಯ ಬೆಂಚಿನಲ್ಲಿ ಹಬ್ಬವೇ ನಡೆಯಿತು. ಆದರೆ ಅದು ಬಾಗಿಲು ತೆರೆದದ್ದು ವೀಸಾ ಸೇವೆ ಇಲ್ಲದೆ. ಹಾಗಾಗಿ ಮತ್ತೆ ಅದೇ ರೈಲು, ಅದೇ ಚೆನ್ನೈ ಬಿಸಿಲು. ಬೆರಳಚ್ಚಿಗೆ ಒಂದು ಕಡೆ, ಸಂದರ್ಶನಕ್ಕೆ ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್.

ಜನ ಮೂರು ಕೆಜಿ ಫೈಲು ಕಟ್ಟಿಕೊಂಡು ಹೋಗುತ್ತಾರೆ: ಮನೆ ಪತ್ರ, ಎಫ್‌ಡಿ ರಸೀದಿ, ಮೊಮ್ಮಗನ ನಾಮಕರಣದ ಫೋಟೋ. ಸಂದರ್ಶನ ಎರಡು ನಿಮಿಷ, ಎಷ್ಟೋ ಸಲ ಫೈಲು ಬಿಚ್ಚುವುದೂ ಇಲ್ಲ. ಯಾಕೆ ಹೋಗುತ್ತೀರಿ, ಎಷ್ಟು ದಿನ, ಮಗ ಏನು ಕೆಲಸ, ಖರ್ಚು ಯಾರದು. ಇಷ್ಟಕ್ಕೆ ನೇರ ಉತ್ತರ ಸಾಕು. ನಮ್ಮ ಹಿರಿಯರ ಅಭ್ಯಾಸ ಬೇರೆ. "ಎಷ್ಟು ದಿನ ಇರುತ್ತೀರಿ?" ಅಂದರೆ "ಅದು ಸೊಸೆಯ ಆರೋಗ್ಯದ ಮೇಲೆ, ನಮ್ಮ ಯಜಮಾನರ ಮಂಡಿನೋವಿನ ಮೇಲೆ..." ಎಂದು ಶುರುವಾಗುತ್ತದೆ. ಕೆರೆ ಬೆಂಚಿನಲ್ಲಿ ಇದು ಆತ್ಮೀಯತೆ, ಕಿಟಕಿಯ ಆಚೆಯವನಿಗೆ ಇದು ಅನುಮಾನ. ನಾಲ್ಕು ತಿಂಗಳು ಅಂದರೆ ನಾಲ್ಕು ತಿಂಗಳು ಅನ್ನಿ. ಡಿಎಸ್-160 ಅರ್ಜಿಯಲ್ಲಿ ಬರೆದದ್ದೂ ಬಾಯಲ್ಲಿ ಹೇಳುವುದೂ ಒಂದೇ ಆಗಿರಬೇಕು. ಅರ್ಜಿ ತುಂಬಿದವನು ಮಗನೋ ನಾನೋ ಇರಬಹುದು, ಉತ್ತರ ಹೇಳಬೇಕಾದವರು ನೀವು. ಹೋಗುವ ಮೊದಲು ಒಂದು ಸಲ ಪೂರ್ತಿ ಓದಿಸಿಕೊಳ್ಳಿ. ಸುಳ್ಳು ಮಾತ್ರ ಬೇಡ. ಅವರ ದಾಖಲೆಯಲ್ಲಿ ಅದು ಅಳಿಸುವುದಿಲ್ಲ.

6. ಅಗ್ಗದ ಎರಡು ಟಿಕೆಟ್ ಸೇರಿ ದುಬಾರಿ ಒಂದಾಗುತ್ತದೆ

ವೃತ್ತಿಯ ಆರಂಭದಲ್ಲಿ ನಾನು ಜಾಣತನ ತೋರಿಸಲು ಹೋಗಿ ಒಂದು ಕುಟುಂಬಕ್ಕೆ ಬೆಂಗಳೂರಿನಿಂದ ನಡುವಿನ ಊರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಮಾಡಿಕೊಟ್ಟೆ. ತಲೆಗೆ ಎಂಟು ಸಾವಿರ ಉಳಿಯಿತು. ಮೊದಲ ವಿಮಾನ ಮೂರು ಗಂಟೆ ತಡವಾಯಿತು. ಎರಡನೆಯ ಕಂಪನಿಗೆ ಮೊದಲನೆಯದರ ಸಂಬಂಧವೇ ಇಲ್ಲ. ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಅರ್ಧ ನಾನು ತುಂಬಿಕೊಟ್ಟೆ.

ಒಂದೇ ಪಿಎನ್‌ಆರ್‌ನಲ್ಲಿ ಪೂರ್ತಿ ಪ್ರಯಾಣ ಇದ್ದರೆ ತಡವಾದಾಗ ಮುಂದಿನ ವಿಮಾನ ಹತ್ತಿಸುವುದು ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ನಡುವೆ ಸಾಮಾನು ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು. ಅದಕ್ಕೆ ಆ ದೇಶದ ಒಳಗೆ ಕಾಲಿಡಬೇಕು, ಕಾಲಿಡಲು ವೀಸಾ ಬೇಕು. ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲು ಕೇಳಿ. ಅಮೆರಿಕಕ್ಕೆ ಹೋಗಿ ಅಲ್ಲೇ ಇನ್ನೊಂದು ವಿಮಾನ ಹಿಡಿಯುವವರು, ಮೊದಲು ಇಳಿದ ಊರಿನಲ್ಲೇ ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ವಯಸ್ಸಾದವರಿಗೆ ನಡುವೆ ಮೂರು ಗಂಟೆಗಿಂತ ಕಡಿಮೆ ಬಿಡುವು ಇರುವ ಟಿಕೆಟ್ ನಾನು ಈಗ ಕೊಡುವುದಿಲ್ಲ.

7. ಕೊಬ್ಬರಿ ಸ್ಫೋಟಕವಲ್ಲ, ಆದರೂ ಹತ್ತಿಸುವುದಿಲ್ಲ

ಚೀಲ ಕಟ್ಟುವ ವಾರ ಗಾಂಧಿ ಬಜಾರಿಗೂ ನಮ್ಮವರ ಮನೆಗೂ ನಾಲ್ಕು ಸಲ ಓಡಾಟ. ಹಪ್ಪಳ, ಸಂಡಿಗೆ, ಸಾರಿನ ಪುಡಿ, ಚಟ್ನಿಪುಡಿ, ಕೋಡುಬಳೆ. ಇವೆಲ್ಲ ಬಹುಮಟ್ಟಿಗೆ ಹೋಗುತ್ತವೆ. ಕೈಕೊಡುವುದು ನಾವು ಮುಗ್ಧ ಅಂದುಕೊಂಡ ವಸ್ತುಗಳು.

ತಿಪಟೂರಿನ ಕೊಬ್ಬರಿ ಗಿಟುಕು ಕೈಚೀಲದಲ್ಲೂ ಬೇಡ, ದೊಡ್ಡ ಚೀಲದಲ್ಲೂ ಬೇಡ. ಎಣ್ಣೆ ತುಂಬಿದ ಒಣ ಕೊಬ್ಬರಿ ತಾನೇ ಕಾವೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನಯಾನದ ನಿಯಮ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದೆ. ಮಗಳಿಗೆ ಮಡಿಲು ತುಂಬಲು ತಂದದ್ದು ಎಂದು ಸ್ಕ್ಯಾನರ್ ಮುಂದೆ ಅತ್ತವರನ್ನು ನೋಡಿದ್ದೇನೆ. ಕರ್ಪೂರ, ಬೆಂಕಿಪೊಟ್ಟಣ ಕೂಡ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಇನ್ನು ಇಳಿಯುವ ದೇಶದ ಕಾನೂನು. ದುಬೈಗೆ ಹೋಗುವವರು ಗಸಗಸೆ ಮರೆತುಬಿಡಿ. ನಮಗೆ ಅದು ಹಬ್ಬದ ಪಾಯಸ, ಯುಎಇಯಲ್ಲಿ ಅದು ಅಫೀಮು ಗಿಡದ ಬೀಜ, ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಮಸಾಲೆ ಡಬ್ಬಿಯ ಮೂಲೆಯಲ್ಲಿ ಒಂದು ಚಮಚ ಉಳಿದಿದ್ದರೂ ಸಂಕಟ. ಸಿಂಗಪುರದಲ್ಲೂ ಅದೇ. ದುಬೈಗೆ ವೀಳ್ಯದೆಲೆಯೂ ನಿಷಿದ್ಧ, ಹಾಗಾಗಿ ತಾಂಬೂಲದ ತಟ್ಟೆ ಇಲ್ಲೇ ಇರಲಿ. ಅಮೆರಿಕಕ್ಕೆ ಹಸಿ ಕರಿಬೇವು ಬೇಡ; ಕರಿಬೇವು ನಿಂಬೆ ಕಿತ್ತಳೆಗಳ ಬಳಗದ್ದು, ಅವುಗಳ ತೋಟ ಹಾಳುಮಾಡುವ ಕೀಟ ಅದರ ಮೇಲೆ ಬದುಕುತ್ತದೆ. ಹಣ್ಣು, ತರಕಾರಿ, ಬಿತ್ತನೆ ಬೀಜ, ಅಕ್ಕಿ ಕೂಡ ಬೇಡ. ಜಯನಗರದ ರಾಯರ ಮಠದ ಮಂತ್ರಾಕ್ಷತೆಯೂ ಅಕ್ಕಿಯೇ ತಾನೇ ಎಂದು ಒಬ್ಬರು ಕೇಳಿದರು. ಹೌದು ಅಂದೆ. ಅವರು ಹೊರಡುವ ಮುನ್ನ ತಲೆಯ ಮೇಲೆ ಹಾಕಿಕೊಂಡು ನಮಸ್ಕಾರ ಮಾಡಿ ಹೋದರು. ಆಸ್ಟ್ರೇಲಿಯಾಕ್ಕೆ ಪೇಡ, ಬರ್ಫಿಯಂಥ ಹಾಲಿನ ಸಿಹಿ ನಡೆಯುವುದಿಲ್ಲ. ಧಾರವಾಡ ಪೇಡೆ ಇಲ್ಲೇ ತಿಂದು ಹೊರಡಿ.

ಮಿಕ್ಸಿ ಹೊತ್ತುಕೊಂಡು ಹೋಗುವವರಿಗೆ ಒಂದು ಮಾತು: ನಮ್ಮ ವಿದ್ಯುತ್ 230 ವೋಲ್ಟ್, ಅಮೆರಿಕದ್ದು 120. ಇಲ್ಲಿನ ಮಿಕ್ಸಿ ಅಲ್ಲಿ ಗೊರಗೊರ ಅನ್ನುತ್ತದೆ, ಚಟ್ನಿ ಆಗುವುದಿಲ್ಲ.

8. "ತಿಂಡಿ ಇದೆ" ಅನ್ನುವುದು ತಪ್ಪೊಪ್ಪಿಗೆಯಲ್ಲ

ಕಸ್ಟಮ್ಸ್ ಫಾರಂನಲ್ಲಿ, ಇಲ್ಲವೇ ಅಧಿಕಾರಿಯ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಆಹಾರ ಪದಾರ್ಥ ಇದೆಯೇ? ಹೆದರಿ "ಇಲ್ಲ" ಅನ್ನುತ್ತಾರೆ. ಅಲ್ಲೇ ಜಾರುವುದು. ಇದೆ ಅಂದರೆ ಚೀಲ ಬಿಚ್ಚಿಸುತ್ತಾರೆ, ಬೇಡವಾದದ್ದನ್ನು ಕಸಕ್ಕೆ ಹಾಕುತ್ತಾರೆ, ಮಿಕ್ಕದ್ದನ್ನು ವಾಪಸು ಕೊಡುತ್ತಾರೆ. ಹತ್ತು ನಿಮಿಷದ ಕೆಲಸ. ಇಲ್ಲ ಅಂದು ಸಿಕ್ಕಿಬಿದ್ದರೆ ಅಮೆರಿಕದಲ್ಲಿ ನೂರಾರು ಡಾಲರ್ ದಂಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇನ್ನೂ ಬಿಗಿ.

ನಾನು ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಲು ಹೇಳುತ್ತೇನೆ. ‘ಚಟ್ನಿಪುಡಿ’ ಅಂತ ಬರೆದರೆ ಅವರಿಗೆ ಪುಡಿ ಮಾತ್ರ ಕಾಣುತ್ತದೆ. ‘ಹುರಿದ ಬೇಳೆ, ಒಣಮೆಣಸಿನಕಾಯಿ, ಉಪ್ಪು, ಕೈಯಲ್ಲಿ ಮಾಡಿದ್ದು’ ಅಂತ ಬರೆದರೆ ಊಟ ಕಾಣುತ್ತದೆ.

9. ಡೋಲೋ ಎಂಬ ಹೆಸರು ಅಲ್ಲಿ ಯಾರಿಗೂ ತಿಳಿಯದು

ಬೆಂಗಳೂರಿನ ಕಂಪನಿ ಮಾಡುವ ಡೋಲೋ-650 ನಮ್ಮೂರಲ್ಲಿ ಮನೆಮಾತು. ಅದರೊಳಗಿನ ಔಷಧಿ ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಅದಕ್ಕೂ ಬೇರೆ ಹೆಸರು, ಅಸಿಟಮಿನೋಫೆನ್. ಗುಲಾಬಿ ಮಾತ್ರೆ, ಅರ್ಧ ಬಿಳಿ ಮಾತ್ರೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಡಾಕ್ಟರ ಹತ್ತಿರ ಮಾತ್ರೆಯ ಮೂಲ ಹೆಸರು, ಪ್ರಮಾಣ, ಹೊತ್ತು, ಯಾವ ಕಾಯಿಲೆಗೆ ಎಂಬುದನ್ನು ಬರೆಸಿ ಸಹಿ ಮೊಹರು ಹಾಕಿಸಿಕೊಳ್ಳಿ. ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ. ಜಾಗ ಉಳಿಸಲು ಬಿಡಿಸಿ ಡಬ್ಬಿಗೆ ತುಂಬಿದರೆ ಯಾವುದು ಯಾವುದೆಂದು ನಿಮಗೇ ಗೊತ್ತಾಗುವುದಿಲ್ಲ. ದಿನದ ಮಾತ್ರೆಗಳೂ ಇನ್ಸುಲಿನ್ನೂ ಕೈಚೀಲದಲ್ಲಿ. ದೊಡ್ಡ ಚೀಲ ಒಂದೊಂದು ಸಲ ಬೇರೆ ಊರಿಗೆ ಪ್ರವಾಸ ಹೋಗುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್‌ನಂಥ ನೋವಿನ ಮಾತ್ರೆ ಯುಎಇಯಲ್ಲಿ ಮೊದಲೇ ಅನುಮತಿ ಬೇಡುವಂಥವು. ಜಪಾನಿನಲ್ಲೂ ಇಂಥವಕ್ಕೆ ಬಿಗಿ ನಿಯಮಗಳಿವೆ.

ವಿಮೆ ಕಡ್ಡಾಯವೋ ಅಲ್ಲವೋ ಎಂದು ಕೇಳಬೇಡಿ. ಷೆಂಗೆನ್ ವೀಸಾಕ್ಕೆ ಕಡ್ಡಾಯ, ಕನಿಷ್ಠ 30,000 ಯೂರೋ. ಅಮೆರಿಕಕ್ಕೆ ಯಾರೂ ಕೇಳುವುದಿಲ್ಲ, ಆದರೆ ಅತಿ ಹೆಚ್ಚು ಬೇಕಾಗುವುದು ಅಲ್ಲೇ. ಪಾಲಿಸಿಯಲ್ಲಿ ಓದಬೇಕಾದ ಸಾಲು ಒಂದೇ: ಮೊದಲಿಂದ ಇರುವ ಕಾಯಿಲೆಗೆ ಕೊಡುತ್ತಾರೋ ಇಲ್ಲವೋ. ಬಿಪಿ, ಶುಗರ್ ಮುಚ್ಚಿಟ್ಟು ಕೊಂಡ ವಿಮೆ ಕಾಗದದ ಕೊಡೆ ಇದ್ದ ಹಾಗೆ.

10. ದುಡ್ಡು ಮೂರು ಜೇಬಿನಲ್ಲಿ, ಒಡವೆ ಕಾಗದದ ಜೊತೆ

ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಸಾಮಾನ್ಯವಾಗಿ 3,000 ಡಾಲರ್‌ವರೆಗೆ ಒಯ್ಯಬಹುದು, ಮಿಕ್ಕದ್ದು ಫಾರೆಕ್ಸ್ ಕಾರ್ಡಿನಲ್ಲಿ. ನನ್ನ ಸಲಹೆ: ಸ್ವಲ್ಪ ನೋಟು, ಒಂದು ಫಾರೆಕ್ಸ್ ಕಾರ್ಡು, ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡು, ಮೂರೂ ಮೂರು ಕಡೆ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿಯ ಹಣದಲ್ಲೋ?" ಎಂದು ಕೇಳುತ್ತದೆ. ರೂಪಾಯಿ ನೋಡಿ ಖುಷಿಯಾಗಿ ಒತ್ತಬೇಡಿ. ಅದರಲ್ಲಿ ವಿನಿಮಯ ದರ ಹೆಚ್ಚು ಬೀಳುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಪ್ಯಾಕೇಜ್ ಟೂರ್ ತೆಗೆದುಕೊಂಡಾಗ ಟಿಸಿಎಸ್ ಎಂದು ಹಿಡಿಯುವ ಹಣ ಹೋದ ಹಣವಲ್ಲ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದರೆ ಲೆಕ್ಕಕ್ಕೆ ಬರುತ್ತದೆ. ರಸೀದಿ ಎತ್ತಿಡಿ.

ಹೆಂಗಸರು ಮೊಮ್ಮಗುವಿನ ನಾಮಕರಣಕ್ಕೆ ಬಳೆ, ಸರ ಹಾಕಿಕೊಂಡು ಹೋಗುತ್ತಾರೆ. ಹಿಂದಿರುಗುವಾಗ ಅದು ಅಲ್ಲಿ ಕೊಂಡದ್ದಲ್ಲ ಎಂದು ನಂಬಿಸುವುದು ಹೇಗೆ? ಹೊರಡುವಾಗಲೇ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ತೆಗೆದುಕೊಳ್ಳಿ. ಅಷ್ಟು ಹೊತ್ತು ಕಾಯಲು ಇಷ್ಟವಿಲ್ಲದಿದ್ದರೆ ಒಡವೆ ಲಾಕರಿನಲ್ಲಿರಲಿ.

11. ವೀಸಾ ಬೇಡ ಅಂದರೆ ಕಾಗದ ಬೇಡ ಅಂತಲ್ಲ

ಮುಕ್ತಿನಾಥಕ್ಕೆ ಹೊರಟ ಗುಂಪಿನವರು "ನೇಪಾಳ ತಾನೇ, ಆಧಾರ್ ಸಾಕು" ಅನ್ನುತ್ತಾರೆ. ಸಾಲದು. 15 ದಾಟಿದ, 65 ಆಗದ ವಯಸ್ಸಿನವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಗಂಡನಿಗೆ 67, ಹೆಂಡತಿಗೆ 61 ಆದರೆ ಗಂಡ ಆಧಾರ್ ಹಿಡಿದು ಹತ್ತಬಹುದು, ಹೆಂಡತಿ ನಿಲ್ಲಬೇಕು. ಹೀಗೆ ಒಂದು ಜೋಡಿ ಅಗಲುವುದರಲ್ಲಿತ್ತು. ಆಟೋದಲ್ಲಿ ಮಗ ವೋಟರ್ ಐಡಿ ಹಿಡಿದು ಓಡಿಬಂದ. ಅಷ್ಟು ಕಷ್ಟಪಟ್ಟು ಹೋದದ್ದಕ್ಕೆ ಕಠ್ಮಂಡುವಿನ ಪಶುಪತಿನಾಥದಲ್ಲಿ ಅವರಿಗೊಂದು ಸಮಾಧಾನ ಕಾದಿತ್ತು. ಅಲ್ಲಿಯ ಮುಖ್ಯ ಅರ್ಚಕರು ಪರಂಪರೆಯಿಂದಲೂ ಕರ್ನಾಟಕದ ಭಟ್ಟರು. ಪರದೇಶದ ಗರ್ಭಗುಡಿಯಿಂದ ಕನ್ನಡ ಕೇಳಿ ಆ ಅಮ್ಮ ಅಲ್ಲೇ ಕೂತುಬಿಟ್ಟರಂತೆ.

ಹಾಗೇ ಥಾಯ್ಲೆಂಡ್, ಮಲೇಷ್ಯಾಗಳಿಗೆ ಹೊರಡುವ ಮುನ್ನ ಡಿಜಿಟಲ್ ಆಗಮನ ಕಾರ್ಡು ತುಂಬಬೇಕು. ಥಾಯ್ಲೆಂಡಿನದು 2025ರ ಮೇ 1ರಿಂದ ಬಂದಿದೆ. ಅದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

12. ವೀಲ್‌ಚೇರ್ ಕಾಲಿಗೆ ಮಾತ್ರವಲ್ಲ

"ನನಗೇನಾಗಿದೆ? ದಿನಾ ಕೆರೆ ನಾಲ್ಕು ಸುತ್ತು ಹಾಕ್ತೀನಿ" ಎಂದು ಸಿಡುಕಿದವರಿದ್ದಾರೆ. ನಡೆಯಲು ನಿಮಗೆ ಬರುತ್ತದೆ ರಾಯರೇ, ಆದರೆ ಅಲ್ಲಿ ಎಲ್ಲಿಗೆ ನಡೆಯಬೇಕು ಅನ್ನುವುದೇ ಪ್ರಶ್ನೆ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ರೈಲು ಹತ್ತಬೇಕು, ಮಹಡಿ ಇಳಿಯಬೇಕು, ಫಲಕ ಓದಬೇಕು. ಮಂಡಿನೋವಿರುವವರು, ದೂರ ನಡೆದರೆ ಏದುಸಿರು ಬರುವವರು ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಜೊತೆಯಲ್ಲೇ, ತಡ ಅಂದರೆ 48 ಗಂಟೆ ಮೊದಲು ಹೇಳಿಡಬೇಕು. ಗಟ್ಟಿಮುಟ್ಟಾಗಿದ್ದು ಭಾಷೆಯ ಭಯ ಮಾತ್ರ ಇರುವವರು, ದಾರಿ ತೋರಿಸುವ ಸಹಾಯ ಬೇಕು ಎಂದು ಬೇರೆಯಾಗಿ ಕೇಳಿ, ಬಹಳ ಕಂಪನಿಗಳಲ್ಲಿ ಅದೂ ಇದೆ. ಕುರ್ಚಿ ನಿಜವಾಗಿ ಬೇಕಾದವರಿಗೆ ಉಳಿಯಲಿ.

13. ಹಿಂದೆ ಬಿಟ್ಟ ಮನೆಗೂ ಟಿಕೆಟ್ ಮಾಡಿಸಿ

ಆರು ತಿಂಗಳು ಮನೆ ಬೀಗ ಹಾಕುವುದೆಂದರೆ ಹಾಲು, ಪೇಪರು ನಿಲ್ಲಿಸಿದರೆ ಮುಗಿಯಲಿಲ್ಲ. ಬ್ಯಾಂಕಿನ ಒಟಿಪಿ ಬರುವುದು ಇಲ್ಲಿಯ ಸಿಮ್‌ಗೆ. ರೋಮಿಂಗ್ ಹಾಕಿಸದೆ, ರೀಚಾರ್ಜ್ ಮುಗಿಯಲು ಬಿಟ್ಟು ಹೋದರೆ ನಿಮ್ಮ ದುಡ್ಡೇ ನಿಮಗೆ ಸಿಗುವುದಿಲ್ಲ. ಪಿಂಚಣಿದಾರರಿಗೆ ನವೆಂಬರ್ ಅಂದರೆ ಜೀವಿತ ಪ್ರಮಾಣಪತ್ರದ ತಿಂಗಳು. ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್‌ನಿಂದಲೇ ಕೊಡಬಹುದು. ಈಗ ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ. ಹೊರಡುವ ಮೊದಲು ಒಂದು ಸಲ ಮಾಡಿ ನೋಡಿ. ಬದುಕಿದ್ದೇನೆ ಎಂದು ಸಾಬೀತು ಮಾಡಲು ನ್ಯೂಜೆರ್ಸಿಯ ಹಿಮದಲ್ಲಿ ಪರದಾಡಬೇಡಿ.

ಮಗಳ ಮನೆಯೂ ಪರದೇಶವೇ. ಕಾರಿಲ್ಲದೆ ಹಾಲೂ ತರಲಾಗದ ಊರಿನಲ್ಲಿ ಹಗಲೆಲ್ಲ ಇಬ್ಬರೇ ಕೂರಬೇಕು. ಮೊದಲ ಸಲ ಹೋಗುವವರಿಗೆ ನಾನು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಓದಲು ಕೊಡುತ್ತೇನೆ. ಇಳಿವಯಸ್ಸಿನಲ್ಲಿ ಹೋಗಿ ಕಣ್ತುಂಬ ನೋಡಿ ಬರೆದ ಪುಸ್ತಕ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನ್ನ ಪ್ರತಿ ಎರಡು ಸಲ ಅಮೆರಿಕಕ್ಕೆ ಹೋಗಿ ಬಂದಿದೆ. ನಾನು ಇನ್ನೂ ಹೋಗಿಲ್ಲ.

14. ಜೇಬಿನಲ್ಲೊಂದು ಹಾಳೆ

ಕೊನೆಗೆ ಎಲ್ಲರಿಗೂ ಒಂದು ಹಾಳೆ ಕೊಡುತ್ತೇನೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರು, ವಿಮಾನಗಳ ಸಂಖ್ಯೆ, ಹೋಗುವ ಮನೆಯ ವಿಳಾಸ, ಎರಡು ಫೋನ್ ನಂಬರು, ಮಾತ್ರೆಗಳು, ಆಗದ ಔಷಧಿ, ಸಸ್ಯಾಹಾರ ಎಂಬ ಮಾತು. ಫೋನಿನಲ್ಲಿದೆ ಎನ್ನಬೇಡಿ, ಫೋನಿನ ಬ್ಯಾಟರಿ ನಿಮಗಿಂತ ಮೊದಲು ಸುಸ್ತಾಗುತ್ತದೆ.

ಕೆಲವು ವರ್ಷದ ಹಿಂದೆ ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಒಬ್ಬರೇ ಫ್ರಾಂಕ್‌ಫರ್ಟ್ ಮೇಲೆ ಮಗನ ಊರಿಗೆ ಹೊರಟರು. ಹಾಳೆ ಓದಿ, ತಿರುಗಿಸಿ ನೋಡಿ, "ಇದರಲ್ಲಿ ಒಂದು ಬಿಟ್ಟಿದ್ದೀಯಪ್ಪ" ಎಂದು ಪೆನ್ನು ಕೇಳಿದರು. ಮೊಮ್ಮಗಳ ಕೈಲಿ ಇಂಗ್ಲಿಷಿನಲ್ಲೂ ಬರೆಸಿದರು: ‘ನನಗೆ ಎಡಗಿವಿ ಕೇಳಿಸುವುದಿಲ್ಲ. ಬಲಗಡೆ ಬಂದು ಮಾತಾಡಿ.’

ಹತ್ತು ವರ್ಷದಿಂದ ನಾನು ಅವರೊಡನೆ ಮಾತಾಡುತ್ತಿದ್ದೆ. ಹೂವಿನವಳು, ಹಾಲಿನವನು, ನಾನು, ಎಲ್ಲರೂ ಅವರ ಬಲಕ್ಕೇ ಹೋಗಿ ನಿಲ್ಲುತ್ತಿದ್ದೆವು. ಯಾಕೆಂದು ಯೋಚಿಸಿಯೇ ಇರಲಿಲ್ಲ. ಅಂದಿನಿಂದ ಹಾಳೆಯ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟು ಕೊಡುತ್ತೇನೆ. ನಿಮ್ಮ ಬೀದಿಗೆಲ್ಲ ಗೊತ್ತಿರುವ ಯಾವುದು ಅಲ್ಲಿಯವರಿಗೆ ಗೊತ್ತಿಲ್ಲ, ಅದನ್ನು ಇಲ್ಲಿ ಬರೆಯಿರಿ ಎನ್ನುತ್ತೇನೆ. ಜನ ಪೆನ್ನು ಹಿಡಿದು ಆ ಸಾಲಿನ ಮುಂದೆ ಬಹಳ ಹೊತ್ತು ಕೂರುತ್ತಾರೆ.